ಹಳೇ ಲಾರಿ, ಹೊಸ ಲಾರಿ: ಲೀಟರಿಗೆ ಒಂದು ಕಿಲೋಮೀಟರಿನ ಜಗಳ

ಜಗಳ ಶುರುವಾಗಿದ್ದು ಲಾಗ್ ಪುಸ್ತಕದ ಎರಡು ಸಂಖ್ಯೆಗಳಿಂದ. ಹಳೇ ಲಾರಿಯ ಮೈಲೇಜ್ ಲೀಟರಿಗೆ 5.02 ಕಿ.ಮೀ., ಹೊಸದರದ್ದು 4.02. ಸರಿಯಾಗಿ ಒಂದು ಕಿಲೋಮೀಟರ್ ವ್ಯತ್ಯಾಸ. ಹಳೇ ಗಾಡಿಯ ಹಿರಿಯ ಡ್ರೈವರ್ ಮೀಸೆ ತಿರುವಿದ್ದೇ ತಿರುವಿದ್ದು. ಹೊಸ ಗಾಡಿಯ ಹುಡುಗ ಮುಖ ಸಣ್ಣ ಮಾಡಿಕೊಂಡಿದ್ದ. ಯಜಮಾನರಿಗೆ ನಿದ್ದೆ ಇಲ್ಲ. ಸಾಲ ಮಾಡಿ ತಂದ ಗಾಡಿ ಹಳೇ ಡಬ್ಬಕ್ಕಿಂತ ಜಾಸ್ತಿ ಡೀಸೆಲ್ ಕುಡಿಯುತ್ತೆ ಅಂದರೆ ಯಾರಿಗೆ ತಾನೇ ನಿದ್ದೆ ಬರುತ್ತೆ? ಹೊಸದನ್ನು ಮಾರಿಬಿಡೋಣ ಅನ್ನುವವರೆಗೂ ಮಾತು ಹೋಗಿತ್ತು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ಇದು ಲೆಕ್ಕದ ದಾರಿ ತೋರಿಸಲು ಕಟ್ಟಿದ ಮಾದರಿ ಪ್ರಕರಣ. ಎರಡು ಗಾಡಿಗಳ ಅಳತೆಗಳನ್ನು ಲೆಕ್ಕ ಹಿಡಿಯಲು ಸುಲಭವಾಗುವ ಹಾಗೆ ಇಟ್ಟಿದ್ದೇನೆ. ನಿಮ್ಮ ಗಾಡಿಗೂ ಇದೇ ಸಂಖ್ಯೆ ಬರಬೇಕೆಂದಿಲ್ಲ. ತಪ್ಪುಗಳು ಮಾತ್ರ ಎಲ್ಲ ಶೆಡ್ಡಿನಲ್ಲೂ ನಡೆಯುವಂಥವೇ.

ಎರಡೂ ಎರಡು ಆಕ್ಸಲ್ಲಿನ ಲಾರಿಗಳು. ಹಳೆಯದಕ್ಕೆ ಇಪ್ಪತ್ತು ವರ್ಷ ದಾಟಿದೆ. ಆರು ಸಿಲಿಂಡರ್, ಟರ್ಬೊ ಇದೆ. ಡೀಸೆಲ್ ಪಂಪ್ ಪೂರ್ತಿ ಮೆಕ್ಯಾನಿಕಲ್, ಒಂದು ವೈರೂ ಇಲ್ಲ. ಖಾಲಿ ತೂಕ 6 ಟನ್. ಹೊಸದರಲ್ಲಿ ಕಾಮನ್ ರೈಲ್ ಎಂಜಿನ್ (ಎಲ್ಲ ಸಿಲಿಂಡರಿಗೂ ಒಂದೇ ಪೈಪಿನಿಂದ ಭಾರೀ ಒತ್ತಡದಲ್ಲಿ ಡೀಸೆಲ್ ಕೊಡುವಂಥದ್ದು), ಹೊಗೆಯ ಮಸಿ ಹಿಡಿಯುವ ಫಿಲ್ಟರ್, ಹೊಗೆಯ ವಿಷ ತೊಳೆಯುವ ಯೂರಿಯಾ ಟ್ಯಾಂಕ್, ದೊಡ್ಡ ಕ್ಯಾಬಿನ್ ಎಲ್ಲ ಸೇರಿ ಖಾಲಿ ತೂಕವೇ 6.7 ಟನ್. ಈ 700 ಕಿಲೋ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತೆ.

ಪುಸ್ತಕ ಹೇಳಿದ ಸುಳ್ಳು

ಎರಡೂ ಗಾಡಿ ಓಡುವುದು ಒಂದೇ ದಾರಿಯಲ್ಲಿ. ಕಾರ್ಖಾನೆಯಿಂದ ಗೋದಾಮಿಗೆ 300 ಕಿ.ಮೀ., ವಾಪಸ್ 300 ಕಿ.ಮೀ. ಪುಸ್ತಕದ ಒಂದು ಪುಟ ತೆಗೆದು ನೋಡಿದಾಗ ಮೊದಲು ಕಣ್ಣಿಗೆ ಬಿದ್ದದ್ದೇ ವಿಚಿತ್ರ. ಅದೇ ದಾರಿಗೆ ಹಳೇ ಲಾರಿ ಬರೆದಿದ್ದು 309 ಕಿ.ಮೀ., ಹೊಸದು ಬರೆದಿದ್ದು 301. ದಾರಿ ಗಾಡಿ ನೋಡಿ ಉದ್ದ ಆಗುತ್ತದೆಯೇ?

ಮೀಟರಿಗೆ ರಸ್ತೆ ಕಾಣುವುದಿಲ್ಲ. ಅದು ಚಕ್ರ ಎಷ್ಟು ಸುತ್ತು ತಿರುಗಿತು ಎಂದು ಎಣಿಸುತ್ತದೆ, ಅಷ್ಟೇ. ಟಯರ್ ಸವೆದರೆ ಚಕ್ರ ಸಣ್ಣದಾಗುತ್ತದೆ. ಅದೇ ದೂರಕ್ಕೆ ಜಾಸ್ತಿ ಸುತ್ತು ಬೇಕಾಗುತ್ತದೆ. ನಡುವಿನಿಂದ ನೆಲಕ್ಕೆ ಸುಮಾರು 50 ಸೆಂ.ಮೀ. ಇರುವ ಚಕ್ರದಲ್ಲಿ ಒಂದು ಸೆಂ.ಮೀ. ರಬ್ಬರ್ ಹೋದರೆ ಮೀಟರ್ ಹತ್ತಿರ ಹತ್ತಿರ ಶೇ. 2 ಜಾಸ್ತಿ ತೋರಿಸುತ್ತದೆ. ಹಳೇ ಲಾರಿಯ ಟಯರ್ ಹಾಗೆ ಸವೆದಿತ್ತು. ಮೀಟರಿನ ಸ್ವಂತ ತಪ್ಪು ಇನ್ನೊಂದು ಪಾಲು ಸೇರಿತ್ತು. ಹೆದ್ದಾರಿಯ ಕಿಲೋಮೀಟರ್ ಕಲ್ಲು ಹಿಡಿದು 50 ಕಿ.ಮೀ. ಓಡಿಸಿ ನೋಡಿದರೆ ಹಳೆಯದು 51.5 ತೋರಿಸಿತು, ಹೊಸದು 50.2. ಅಲ್ಲಿಗೆ ಹಳೇ ಗಾಡಿಗೆ ಪುಕ್ಕಟೆಯಾಗಿ ಶೇ. 3 ಮೈಲೇಜ್ ಸಿಗುತ್ತಿತ್ತು. ಟಯರ್ ಸವೆದಷ್ಟೂ ಮೈಲೇಜ್ ಏರುವ ಗಾಡಿ!

ಎರಡನೇ ತಪ್ಪು ಕಾಗದದ ಮೇಲಿನದ್ದು. ಇದು ಓದಿದವರೂ ಮಾಡುವ ತಪ್ಪು. ಹಳೇ ಲಾರಿ ಹೋಗುವಾಗ ಲೋಡಿನಲ್ಲಿ 80 ಲೀಟರ್ ಕುಡಿಯಿತು. ಪುಸ್ತಕದಲ್ಲಿ 309 ಭಾಗಿಸು 80, ಅಂದರೆ 3.86. ಬರುವಾಗ ಖಾಲಿ, 50 ಲೀಟರ್. 309 ಭಾಗಿಸು 50, ಅಂದರೆ 6.18. ಎರಡನ್ನೂ ಕೂಡಿಸಿ ಅರ್ಧ ಮಾಡಿ 5.02 ಎಂದು ಬರೆದಿದ್ದರು. ನೋಡಲು ಸರಿಯಾಗೇ ಕಾಣುತ್ತದೆ, ಅಲ್ವಾ? ಆದರೆ ಎರಡು ಮೈಲೇಜಿನ ಸರಾಸರಿ ಮೈಲೇಜ್ ಆಗುವುದಿಲ್ಲ. ಒಟ್ಟು ದೂರವನ್ನು ಒಟ್ಟು ಲೀಟರಿನಿಂದ ಭಾಗಿಸಬೇಕು. ನಿಜವಾದ ದೂರ 600, ಕುಡಿದ ಡೀಸೆಲ್ 130. ಲೀಟರಿಗೆ 4.62 ಕಿ.ಮೀ.

ಹೊಸ ಲಾರಿಗೆ ಇದೇ ಲೆಕ್ಕ ಹಾಕಿದರೆ ಹೋಗುವಾಗ 77, ಬರುವಾಗ 73, ಒಟ್ಟು 150 ಲೀಟರ್. ಲೀಟರಿಗೆ 4.00. ಪುಸ್ತಕದ 4.02ಕ್ಕೂ ಇದಕ್ಕೂ ದೊಡ್ಡ ಅಂತರ ಇಲ್ಲ. ಯಾಕೆಂದರೆ ಅದರ ಹೋಗುವ ಬರುವ ಲೀಟರುಗಳು ಹತ್ತಿರ ಹತ್ತಿರ ಇವೆ. ಹೋಗುವಾಗಿನದ್ದಕ್ಕೂ ಬರುವಾಗಿನದ್ದಕ್ಕೂ ಅಂತರ ಜಾಸ್ತಿ ಇದ್ದ ಕಡೆಯೇ ಈ ತಪ್ಪು ದೊಡ್ಡದಾಗುವುದು.

ಲೀಟರಿಗೆ ಇಷ್ಟು ಕಿಲೋಮೀಟರ್ ಎನ್ನುವ ಅಳತೆಗೇ ಈ ರೋಗ ಇದೆ. ಮೈಲೇಜ್ 3ರಿಂದ 4ಕ್ಕೆ ಏರಿದರೆ 300 ಕಿ.ಮೀ. ದಾರಿಯಲ್ಲಿ 25 ಲೀಟರ್ ಉಳಿಯುತ್ತದೆ. 7ರಿಂದ 8ಕ್ಕೆ ಏರಿದರೆ ಉಳಿಯುವುದು ಐದೂವರೆ ಲೀಟರ್ ಕೂಡ ಇಲ್ಲ. ಎರಡನ್ನೂ 'ಒಂದು ಕಿಲೋಮೀಟರ್ ಜಾಸ್ತಿ' ಎಂದೇ ಕರೆಯುತ್ತೇವೆ. ಯೂರೋಪಿನವರು 100 ಕಿ.ಮೀ.ಗೆ ಎಷ್ಟು ಲೀಟರ್ ಎಂದು ತಿರುಗಿಸಿ ಬರೆಯುತ್ತಾರೆ. ಅದರಲ್ಲಿ ಈ ಮೋಸ ಇಲ್ಲ. ಬಾಯಿಗೆ ಮಾತ್ರ ಅದು ರೂಢಿ ಆಗುವುದಿಲ್ಲ, ನನಗೂ ಆಗಿಲ್ಲ.

ಮೂರನೇ ವಿಷಯ ತಪ್ಪಲ್ಲ, ಮರೆವು. ಹೊಸ ಲಾರಿ ಬರುವಾಗ ಖಾಲಿ ಬರುವುದಿಲ್ಲ. 8 ಟನ್ ತುಂಬಿಕೊಂಡು ಬರುತ್ತದೆ. ಸಮಯಕ್ಕೆ ತಲುಪಬೇಕಾದ ಮಾಲು ಇದ್ದರೆ ಗಿರಾಕಿ ಹೊಸ ಗಾಡಿಯನ್ನೇ ಕೇಳುತ್ತಾನೆ. ಹಳೆಯದಕ್ಕೆ ವಾಪಸ್ ಲೋಡ್ ಸಿಗುವುದೇ ಅಪರೂಪ. ಅಂದರೆ ಪುಸ್ತಕ ಎರಡು ಗಾಡಿಗಳನ್ನು ಹೋಲಿಸಲಿಲ್ಲ. ತುಂಬಿದ ಗಾಡಿಯನ್ನು ಅರ್ಧ ದಾರಿ ಖಾಲಿ ಇದ್ದ ಗಾಡಿಯ ಜೊತೆ ಹೋಲಿಸಿತು.

ಟನ್-ಕಿಲೋಮೀಟರ್ ಲೆಕ್ಕ ಹಾಕಿದಾಗ ಯಜಮಾನರ ಮುಖ ಬದಲಾಯಿತು. ಒಂದು ಟನ್ ಮಾಲನ್ನು ಒಂದು ಕಿ.ಮೀ. ಸಾಗಿಸಿದರೆ ಒಂದು ಟನ್-ಕಿ.ಮೀ. ಹೋಗುವಾಗ ಎರಡೂ ಗಾಡಿಯಲ್ಲಿ 10 ಟನ್. ಹಾಗಾಗಿ ಹಳೇ ಗಾಡಿ 130 ಲೀಟರಿಗೆ 3,000 ಟನ್-ಕಿ.ಮೀ. ಕೆಲಸ ಮಾಡಿದೆ. ಹೊಸದು 150 ಲೀಟರಿಗೆ 5,400. ಲೀಟರಿಗೆ 23 ಮತ್ತು 36. ಹುಡುಗ ಎದ್ದು ನಿಂತ. ಹಿರಿಯರು ಸುಮ್ಮನಿರಲಿಲ್ಲ. 'ಯಜಮಾನ್ರೇ, ನನಗೂ ವಾಪಸ್ ಎಂಟು ಟನ್ ಕೊಡ್ಸಿ, ಆಮೇಲೆ ಮಾತಾಡಿ' ಅಂದರು. ಅವರ ಮಾತು ಸರಿಯೇ. 36 ಬಂದದ್ದು ಹೊಸ ಎಂಜಿನ್ನಿನಿಂದ ಅಲ್ಲ, ವಾಪಸ್ ಲೋಡಿನಿಂದ. ಮೊದಲ ಲೆಕ್ಕ ಹಳೆಯದಕ್ಕೆ ಅನ್ಯಾಯವಾಗಿ ಗೆಲುವು ಕೊಟ್ಟಿತ್ತು, ಈಗಿನದು ಹೊಸದಕ್ಕೆ. ಒಂದೇ ಲೋಡ್, ಒಂದೇ ದಾರಿ, ಒಂದೇ ದಿನ ಓಡಿಸದೆ ಬೇರೆ ದಾರಿಯೇ ಇಲ್ಲ ಎಂದಾಯಿತು.

ಅಳೆಯುವ ಪಾಡು

ಟ್ಯಾಂಕ್ ಫುಲ್ ಮಾಡಿ, ಓಡಿಸಿ, ಮತ್ತೆ ಫುಲ್ ಮಾಡುವುದು ಎಲ್ಲರಿಗೂ ಗೊತ್ತಿರುವ ದಾರಿ. ಅದು ಕೆಟ್ಟ ದಾರಿಯೇನಲ್ಲ. ಆದರೆ 'ಫುಲ್' ಅನ್ನುವುದು ಒಂದೇ ಮಟ್ಟ ಅಲ್ಲ. ಬಂಕಿನಲ್ಲಿ ಗನ್ ಒಂದು ದಿನ ಬೇಗ ಕಟ್ ಆಗುತ್ತದೆ, ಇನ್ನೊಂದು ದಿನ ತಡವಾಗಿ. ಗಾಡಿ ಒಂದು ಪಕ್ಕಕ್ಕೆ ವಾಲಿ ನಿಂತರೆ, ನೊರೆ ಎದ್ದರೆ ಎರಡು ಮೂರು ಲೀಟರ್ ಆಚೀಚೆ ಸಲೀಸು. 80 ಲೀಟರಿನಲ್ಲಿ 3 ಲೀಟರ್ ಅಂದರೆ ಹತ್ತಿರ ಹತ್ತಿರ ಶೇ. 4. ನಾವು ಹುಡುಕುತ್ತಿರುವ ವ್ಯತ್ಯಾಸವೇ ಅಷ್ಟಿರಬಹುದು! ಇದಕ್ಕೆ ಒಂದು ಮದ್ದು ಇದೆ. ಹತ್ತು ಸಲ ತುಂಬಿಸಿ, ಎಲ್ಲ ಲೀಟರ್ ಕೂಡಿಸಿ, ಕೊನೆಗೆ ಒಂದೇ ಸಲ ಭಾಗಿಸಬೇಕು. ನಡುವಿನ ತಪ್ಪುಗಳು ಒಂದಕ್ಕೊಂದು ವಜಾ ಆಗಿಬಿಡುತ್ತವೆ. ಇವತ್ತು ಕಡಿಮೆ ತುಂಬಿದ್ದು ನಾಳೆ ಜಾಸ್ತಿ ಹಿಡಿಯುತ್ತದೆ. ಉಳಿಯುವುದು ಮೊದಲ ಮತ್ತು ಕೊನೆಯ ಫುಲ್ಲಿನ ತಪ್ಪು ಮಾತ್ರ. ಆಗ ಶೇ. 4 ಇದ್ದದ್ದು ಶೇ. 0.4ಕ್ಕೆ ಇಳಿಯುತ್ತದೆ. ಒಂದೇ ಟ್ರಿಪ್ಪಿನ ಮೈಲೇಜ್ ಹಿಡಿದು ಪಂದ್ಯ ಕಟ್ಟುವವರಿಗೆ ಇದನ್ನು ಹೇಳಬೇಕು.

ಬಿಸಿಲಿನ ಆಟವೂ ಇದೆ. ಡೀಸೆಲ್ ಬಿಸಿಯಾದರೆ ಹಿಗ್ಗುತ್ತದೆ. ಒಂದು ಡಿಗ್ರಿಗೆ ಶೇ. 0.08ರಷ್ಟು. 15 ಡಿಗ್ರಿ ವ್ಯತ್ಯಾಸಕ್ಕೆ ಶೇ. 1.2. 80 ಲೀಟರಿನಲ್ಲಿ ಅದು ಸುಮಾರು ಒಂದು ಲೀಟರ್. ಅಳತೆಯ ಲೀಟರ್ ಹಿಗ್ಗಿದರೂ ಅದರೊಳಗಿನ ಶಕ್ತಿ ಹಿಗ್ಗುವುದಿಲ್ಲ.

ಇದೆಲ್ಲ ಬೇಡ ಎಂದು ಮೆಕ್ಯಾನಿಕ್ ಒಂದು ಉಪಾಯ ಹೇಳಿದರು. ಲೀಟರ್ ಬಿಟ್ಟು ಕಿಲೋ ಹಿಡಿಯೋಣ. ಪ್ರತಿ ಗಾಡಿಗೆ 80 ಲೀಟರಿನ ಬೇರೆ ಟ್ಯಾಂಕ್ ಕಟ್ಟುವುದು. ಓಡುವ ಮೊದಲು ತೂಗುವುದು, ಬಂದ ಮೇಲೆ ತೂಗುವುದು. ತೂಕಕ್ಕೆ ಬಿಸಿಲಿನ ಹಂಗಿಲ್ಲ, ನೊರೆಯ ಹಂಗಿಲ್ಲ. ಇದು ಅವರ ಸ್ವಂತ ಬುದ್ಧಿ ಎಂದೇ ಅಂದುಕೊಂಡಿದ್ದರು. ಅಮೆರಿಕದ ವಾಹನ ಎಂಜಿನಿಯರುಗಳ ಸಂಘದ ಎಸ್‌ಎಇ ಜೆ1321 ಎನ್ನುವ ಲಾರಿ ಡೀಸೆಲ್ ಪರೀಕ್ಷೆಯಲ್ಲೂ ಇದೇ ಇದೆ: ಕಳಚುವ ಟ್ಯಾಂಕ್, ತಕ್ಕಡಿ, ಜೊತೆಯಲ್ಲಿ ಓಡುವ ಇನ್ನೊಂದು ಲಾರಿ. ಹೇಳಿದಾಗ ಅವರಿಗೆ ಖುಷಿಯೂ ಆಯಿತು, ಸ್ವಲ್ಪ ಬೇಜಾರೂ ಆಯಿತು.

ಒಂದು ಕಡೆ ಮಾತ್ರ ಎಡವಿದರು. ಮೊದಲ ದಿನ ಹೊಸ ಲಾರಿಯ ಟ್ಯಾಂಕ್ ತೂಗಿದರೆ 200 ಕಿ.ಮೀ.ಗೆ ನಂಬಲಾಗದಷ್ಟು ಡೀಸೆಲ್ ಖಾಲಿ. ಎಲ್ಲಿ ಹೋಯಿತು? ಡೀಸೆಲ್ ಎಂಜಿನ್ ಎಳೆದುಕೊಂಡಿದ್ದೆಲ್ಲ ಉರಿಸುವುದಿಲ್ಲ. ಮಿಕ್ಕಿದ್ದನ್ನು ರಿಟರ್ನ್ ಪೈಪಿನಲ್ಲಿ ವಾಪಸ್ ಕಳಿಸುತ್ತದೆ. ಎಳೆಯುವ ಪೈಪನ್ನು ಹೊಸ ಟ್ಯಾಂಕಿಗೆ ಹಾಕಿದ್ದರು, ರಿಟರ್ನ್ ಪೈಪ್ ಮಾತ್ರ ಗಾಡಿಯ ಮೂಲ ಟ್ಯಾಂಕಿಗೇ ಇತ್ತು. ಉರಿಯದ ಡೀಸೆಲ್ ಅಲ್ಲಿಗೆ ಹೋಗಿ ಕೂತಿತ್ತು. ಆ ದಿನದ ಅಳತೆ ಕಸದ ಬುಟ್ಟಿಗೆ. ಎರಡೂ ಪೈಪ್ ಸರಿ ಮಾಡಿ, ಲೈನಿನಲ್ಲಿ ಸೇರಿದ್ದ ಏರ್ ತೆಗೆದು ಮಾರನೇ ದಿನ ಹೊರಟರು.

ಷರತ್ತುಗಳು ಇಷ್ಟು. ಎರಡಕ್ಕೂ ವೇ ಬ್ರಿಡ್ಜಿನಲ್ಲಿ ತೂಗಿದ 10 ಟನ್ ಲೋಡ್. ಒಂದೇ ಬಂಕಿನ ಒಂದೇ ದಿನದ ಡೀಸೆಲ್. ಟಯರ್ ಗಾಳಿ ತಣ್ಣಗಿರುವಾಗಲೇ ನೋಡಿ ಹಾಕಿದ್ದು. ಮೊದಲು ಒಂದು ಗಂಟೆ ಓಡಿಸಿ ಎಂಜಿನ್, ಗೇರ್ ಬಾಕ್ಸ್, ಹೌಸಿಂಗಿನ (ಹಿಂದಿನ ಆಕ್ಸಲ್ ನಡುವಿನ ಗೇರಿನ) ಎಣ್ಣೆ ಎಲ್ಲ ಬಿಸಿ ಮಾಡಿದ್ದು. ಆಮೇಲೆ 100 ಕಿ.ಮೀ. ಹೋಗಿ, ತಿರುಗಿ, ಹೊರಟ ಜಾಗಕ್ಕೇ ಬರುವುದು. ಏರು ಇಳಿಜಾರು, ಎದುರುಗಾಳಿ ಹಿಂಗಾಳಿ ಆದಷ್ಟು ಮಟ್ಟಿಗೆ ಒಂದಕ್ಕೊಂದು ವಜಾ ಆಗಲಿ ಎಂದು. ಒಂದರ ಬೆನ್ನಿಗೆ ಇನ್ನೊಂದು ಅಂಟಿಕೊಂಡು ಹೋಗಬಾರದು, ಮುಂದಿನ ಗಾಡಿ ಗಾಳಿ ಸೀಳಿಕೊಟ್ಟರೆ ಹಿಂದಿನದಕ್ಕೆ ಲಾಭ. ತುಂಬ ದೂರವೂ ಆಗಬಾರದು, ಗಾಳಿ ಬದಲಾಗುತ್ತದೆ. ವೇಗ ಗಂಟೆಗೆ 60 ಕಿ.ಮೀ. ಎರಡು ಓಟ ಆದ ಮೇಲೆ ಡ್ರೈವರುಗಳನ್ನು ಅದಲು ಬದಲು ಮಾಡುವುದು. ಇದಕ್ಕೆ ಹಿರಿಯರು ಒಪ್ಪಲು ಅರ್ಧ ದಿನ ಹಿಡಿಯಿತು.

ತಕ್ಕಡಿ ಹೇಳಿದ್ದು

200 ಕಿ.ಮೀ. ಓಟಕ್ಕೆ ಉರಿದ ಡೀಸೆಲ್, ಕಿಲೋ ಲೆಕ್ಕದಲ್ಲಿ:

| ಓಟ | ಹಳೇ ಲಾರಿ | ಹೊಸ ಲಾರಿ | ಹೊಸದು ÷ ಹಳೆಯದು |
|---|---|---|---|
| 1 | 42.0 (ಹಿರಿಯರು) | 41.6 (ಹುಡುಗ) | 0.99 |
| 2 | 42.6 (ಹಿರಿಯರು) | 42.1 (ಹುಡುಗ) | 0.99 |
| 3 | 43.4 (ಹುಡುಗ) | 40.3 (ಹಿರಿಯರು) | 0.93 |
| 4 | 43.0 (ಹುಡುಗ) | 40.1 (ಹಿರಿಯರು) | 0.93 |

ಕೊನೆಯ ಕಾಲಂ ನೋಡಿ. ಗಾಳಿ, ಬಿಸಿಲು ಇಬ್ಬರಿಗೂ ಒಂದೇ ಇರುವುದರಿಂದ ಅನುಪಾತ ಹಿಡಿದರೆ ದಿನದ ಏರುಪೇರು ಬಹಳ ಮಟ್ಟಿಗೆ ಕಳಚಿಹೋಗುತ್ತದೆ. ಮೊದಲ ಎರಡು ಓಟದಲ್ಲಿ ಅದು 0.99. ಅಲ್ಲಿಗೇ ನಿಲ್ಲಿಸಿದ್ದರೆ 'ಎರಡೂ ಒಂದೇ' ಎಂದು ಬರೆದು ಮುಗಿಸುತ್ತಿದ್ದರು. ಡ್ರೈವರ್ ಬದಲಾದ ತಕ್ಷಣ 0.93. ಹಾಗಾದರೆ ಗಾಡಿಯ ನಿಜ ಇವೆರಡರ ನಡುವೆ ಎಲ್ಲೋ ಇದೆ. ನಾಲ್ಕರ ಸರಾಸರಿ ತೆಗೆದರೆ ಹಳೆಯದು 42.75 ಕಿಲೋ, ಹೊಸದು 41.03. ಹೊಸದು ಶೇ. 4 ಕಡಿಮೆ. ಒಂದು ಲೀಟರಿಗೆ 0.83 ಕಿಲೋ ಹಿಡಿದರೆ ಲೀಟರಿಗೆ 3.88 ಮತ್ತು 4.05 ಕಿ.ಮೀ.

ಡ್ರೈವರುಗಳ ವ್ಯತ್ಯಾಸ? ಎರಡೂ ಗಾಡಿ ಸೇರಿಸಿ ನೋಡಿದರೆ ಹಿರಿಯರ ಕೈಯಲ್ಲಿ ಸುಮಾರು ಶೇ. 3 ಕಡಿಮೆ. ಅಂದರೆ ಎರಡು ದಶಕದ ಎಂಜಿನ್ ತಂತ್ರ ಕೊಟ್ಟ ಲಾಭದ ಮುಕ್ಕಾಲು ಪಾಲು ಒಬ್ಬ ಮನುಷ್ಯನ ಕಾಲಿನಲ್ಲಿತ್ತು. ಅವರು ಮಾಡುತ್ತಿದ್ದುದು ದೊಡ್ಡ ವಿದ್ಯೆಯೇನಲ್ಲ. ಮುಂದೆ ಗೇಟೋ ತಿರುವೋ ಕಂಡರೆ ದೂರದಿಂದಲೇ ಕಾಲು ತೆಗೆಯುತ್ತಿದ್ದರು. ಗೇರಿನಲ್ಲೇ ಬಿಟ್ಟು ಕಾಲು ತೆಗೆದರೆ ಹೊಸ ಎಂಜಿನ್ ಡೀಸೆಲ್ ಪೂರ್ತಿ ನಿಲ್ಲಿಸುತ್ತದೆ. ಹುಡುಗ ಕೊನೆವರೆಗೂ ಒತ್ತಿ ಆಮೇಲೆ ಬ್ರೇಕ್ ಹಾಕುತ್ತಿದ್ದ. ಪ್ರತಿ ಬ್ರೇಕೂ ಉರಿಸಿದ ಡೀಸೆಲ್ ಅನ್ನು ಬಿಸಿಯಾಗಿ ಗಾಳಿಗೆ ಬಿಟ್ಟ ಹಾಗೆ.

ಹೊಸ ಲಾರಿಯ ಡ್ಯಾಶ್‌ಬೋರ್ಡ್ ಈ ಓಟಗಳಲ್ಲಿ 4.3 ತೋರಿಸುತ್ತಿತ್ತು. ತಕ್ಕಡಿ ಹೇಳಿದ್ದು 4.05. ಡ್ಯಾಶ್‌ಬೋರ್ಡಿನ ಸಂಖ್ಯೆ ಕಂಪ್ಯೂಟರ್ ಹಾಕಿದ ಅಂದಾಜು. ಡೀಸೆಲ್ ಚಿಮ್ಮಿಸುವ ನಾಜಲ್ ಎಷ್ಟು ಹೊತ್ತು ತೆರೆದಿತ್ತು, ಒತ್ತಡ ಎಷ್ಟಿತ್ತು ಎಂಬುದರಿಂದ ಲೆಕ್ಕ ಹಾಕುತ್ತದೆ. ನಿನ್ನೆಗಿಂತ ಇವತ್ತು ಹೇಗೆ ಓಡಿಸಿದೆ ಎಂದು ನೋಡಲು ಅದು ಸಾಕು. ಇನ್ನೊಂದು ಗಾಡಿಯ ಜೊತೆ ಹೋಲಿಸಲು ಸಾಲದು.

ಆಮೇಲೆ 80ರ ವೇಗದಲ್ಲೂ ಎರಡು ಓಟ ಮಾಡಿದರು, ಡ್ರೈವರ್ ಬದಲಾಯಿಸಿಯೇ. ಹಳೆಯದು 55.0 ಕಿಲೋ, ಹೊಸದು 49.5. ಲೀಟರಿಗೆ 3.02 ಮತ್ತು 3.35 ಕಿ.ಮೀ. ಶೇ. 4 ಇದ್ದ ಅಂತರ ಒಂದೇ ಏಟಿಗೆ ಶೇ. 10. ಗಾಳಿಯ ತಡೆ ವೇಗದ ವರ್ಗದ ಲೆಕ್ಕದಲ್ಲಿ ಏರುತ್ತದೆ. 60ರಿಂದ 80ಕ್ಕೆ ಹೋದರೆ ತಡೆ ಒಂದೂಮುಕ್ಕಾಲು ಪಟ್ಟು. ಹಳೆಯದರ ಮುಖ ಗೋಡೆಯ ಹಾಗೆ ಚಪ್ಪಟೆ. ಅದಕ್ಕಿಂತ ಮುಖ್ಯ, ಅದರ ಟಾಪ್ ಗೇರ್ ಮತ್ತು ಹೌಸಿಂಗಿನ ಹಲ್ಲಿನ ಲೆಕ್ಕ ಆ ಕಾಲದ ರಸ್ತೆಗೆ ಮಾಡಿದ್ದು. 80ಕ್ಕೆ ಎಂಜಿನ್ ಕಿರುಚಿಕೊಂಡು ತಿರುಗುತ್ತದೆ. ಹೊಸದು ಅದೇ 80ರಲ್ಲಿ ಅರ್ಧ ನಿದ್ದೆಯಲ್ಲಿದ್ದ ಹಾಗೆ ಓಡುತ್ತದೆ. 'ಹೊಸದು ಎಷ್ಟು ಉಳಿಸುತ್ತೆ?' ಎಂದು ಕೇಳುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ, ಎಷ್ಟು ವೇಗದಲ್ಲಿ ಓಡಿಸುತ್ತೀರಿ?

ಇಷ್ಟೇನಾ?

ಯಜಮಾನರ ಪ್ರಶ್ನೆ ಇದು. ಎರಡು ದಶಕದಲ್ಲಿ ಎಂಜಿನ್ ಇಷ್ಟೆಲ್ಲ ಬದಲಾಗಿದೆ. ಹಳೇ ಪಂಪುಗಳು ಹೆಚ್ಚೆಂದರೆ ಸಾವಿರ ಬಾರ್ ಆಸುಪಾಸಿನ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುತ್ತಿದ್ದವು. ಕಾಮನ್ ರೈಲ್ ಈಗ 2,000 ಬಾರ್ ಮುಟ್ಟುತ್ತದೆ. ಲಾರಿಗೆ ಕಾಮನ್ ರೈಲ್ ಮೊದಲು ಬಂದದ್ದು 1995ರಲ್ಲಿ, ಜಪಾನಿನಲ್ಲಿ. ಡೀಸೆಲ್ ಮಂಜಿನಷ್ಟು ನುಣ್ಣಗಾಗುತ್ತದೆ, ಒಂದೇ ಸುತ್ತಿನಲ್ಲಿ ಹಲವು ಸಲ ಬಿಡಬಹುದು. ಹಾಗಿದ್ದೂ 60ರ ವೇಗದಲ್ಲಿ ಬರೀ ಶೇ. 4?

ಉತ್ತರ ಸೈಲೆನ್ಸರಿನಲ್ಲಿದೆ. ಡೀಸೆಲ್ ಬೇಗ, ಬಿಸಿಯಾಗಿ ಉರಿದಷ್ಟೂ ಅದರಿಂದ ಕೆಲಸ ಜಾಸ್ತಿ ಸಿಗುತ್ತದೆ. ಆದರೆ ಅದೇ ಬಿಸಿಗೆ ಗಾಳಿಯಲ್ಲಿರುವ ಸಾರಜನಕ, ಆಮ್ಲಜನಕ ಸೇರಿ ನಾಕ್ಸ್ ಎಂಬ ವಿಷದ ಅನಿಲ ಆಗುತ್ತದೆ. ಟೈಮಿಂಗ್, ಅಂದರೆ ಡೀಸೆಲ್ ಚಿಮ್ಮಿಸುವ ಗಳಿಗೆ, ಸ್ವಲ್ಪ ತಡ ಮಾಡಿದರೆ ನಾಕ್ಸ್ ಇಳಿಯುತ್ತದೆ, ಡೀಸೆಲ್ ಖರ್ಚು ಏರುತ್ತದೆ. ಹಳೇ ಮೆಕ್ಯಾನಿಕ್‌ಗಳಿಗೆ ಈ ಹಗ್ಗಜಗ್ಗಾಟ ಬೇರೆ ಹೆಸರಿನಲ್ಲಿ ಗೊತ್ತು. 'ಟೈಮಿಂಗ್ ಮುಂದೆ ಇಟ್ಟರೆ ಗಾಡಿ ಎಳೆಯುತ್ತೆ' ಅನ್ನುತ್ತಿದ್ದರು. ಎಳೆಯುತ್ತಿತ್ತು ನಿಜ, ನಾಕ್ಸನ್ನೂ ಊದುತ್ತಿತ್ತು.

ಯೂರೋಪಿನಲ್ಲಿ 1992ರ ಯೂರೋ 1 ನಿಯಮದಲ್ಲಿ ಲಾರಿ ಎಂಜಿನ್ ಒಂದು ಯೂನಿಟ್ ಕೆಲಸಕ್ಕೆ, ಅಂದರೆ ಒಂದು ಕಿಲೋವ್ಯಾಟ್-ಗಂಟೆಗೆ, 8 ಗ್ರಾಂ ನಾಕ್ಸ್ ಬಿಡಬಹುದಿತ್ತು. 2013ರ ಯೂರೋ 6ರಲ್ಲಿ ಅದು 0.4 ಗ್ರಾಂ. ಇಪ್ಪತ್ತರಲ್ಲಿ ಒಂದು ಪಾಲು! ಎಂಜಿನ್ ಗಳಿಸಿದ್ದರಲ್ಲಿ ದೊಡ್ಡ ಭಾಗ ಈ ಸಾಲ ತೀರಿಸಲು ಹೋಯಿತು. ಅಮೆರಿಕದ ಕಥೆ ಇನ್ನೂ ಚೆನ್ನಾಗಿದೆ. 1990ರ ದಶಕದಲ್ಲಿ ಎಂಜಿನ್ನಿಗೆ ಕಂಪ್ಯೂಟರ್ ಬಂತು. ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವಾಗ ಟೈಮಿಂಗ್ ಮುಂದಿಟ್ಟು ಡೀಸೆಲ್ ಉಳಿಸುವ, ನಾಕ್ಸ್ ಜಾಸ್ತಿ ಬಿಡುವ ಲೆಕ್ಕಗಳು ಅದರೊಳಗೆ ಸೇರಿದ್ದವು. 1998ರಲ್ಲಿ ಸರ್ಕಾರ ಏಳು ಎಂಜಿನ್ ತಯಾರಕರ ಜೊತೆ ಒಪ್ಪಂದಕ್ಕೆ ಬಂದು ಅದನ್ನು ನಿಲ್ಲಿಸಿತು. 2002ರ ಕೊನೆಗೆ ಹೊಗೆಯ ಒಂದು ಪಾಲನ್ನು ತಿರುಗಿ ಎಂಜಿನ್ನಿಗೇ ಕಳಿಸುವ ಇಜಿಆರ್ ಬಂತು. ಆಗಿನ ಹೊಸ ಲಾರಿಗಳು ಹಳೆಯವಕ್ಕಿಂತ ಜಾಸ್ತಿ ಕುಡಿಯುತ್ತವೆ ಎಂದು ಮಾಲೀಕರು ಗೊಣಗಿದ್ದರಲ್ಲಿ ಸುಳ್ಳಿರಲಿಲ್ಲ. 2010ರ ಹೊತ್ತಿಗೆ ಯೂರಿಯಾ ವ್ಯವಸ್ಥೆ ಬಂದ ಮೇಲೆ ಪರಿಸ್ಥಿತಿ ಸುಧಾರಿಸಿತು. ನಾಕ್ಸನ್ನು ಸೈಲೆನ್ಸರಿನಲ್ಲಿ ತೊಳೆಯಬಹುದು, ಹಾಗಾಗಿ ಎಂಜಿನ್ ಒಳಗೆ ಮತ್ತೆ ಬಿಸಿಯಾಗಿ ಉರಿಸಬಹುದು. ಆದ್ದರಿಂದ 'ಹೊಸ ಲಾರಿ' ಅನ್ನುವುದು ಒಂದೇ ಜಾತಿ ಅಲ್ಲ. ಯಾವ ವರ್ಷದ್ದು ಎಂದು ಕೇಳಲೇಬೇಕು.

ತೊಳೆಯುವುದಕ್ಕೂ ಖರ್ಚಿದೆ. ಈ ಲಾರಿ 100 ಲೀಟರ್ ಡೀಸೆಲಿಗೆ 4 ಲೀಟರ್ ಯೂರಿಯಾ ದ್ರಾವಣ ಕುಡಿಯಿತು. ಅದು ಶೇ. 32.5 ಯೂರಿಯಾ, ಮಿಕ್ಕಿದ್ದು ಶುದ್ಧ ನೀರು. ಡೀಸೆಲ್ ಅಲ್ಲ, ಆದ್ದರಿಂದ ಮೈಲೇಜಿಗೆ ಸೇರಿಸಬಾರದು. ಖರ್ಚಿಗೆ ಸೇರಿಸದೆ ಬಿಡಲೂಬಾರದು.

ಮಸಿ ಫಿಲ್ಟರಿನದ್ದು ಇನ್ನೊಂದು ಕಥೆ. ಐದನೇ ಓಟ ಒಂದಿತ್ತು, ಪಟ್ಟಿಯಲ್ಲಿ ಹಾಕಿಲ್ಲ. ನಡುದಾರಿಯಲ್ಲಿ ಹೊಸ ಲಾರಿಯ ರೀಜನರೇಷನ್ ದೀಪ ಹತ್ತಿತು. ಫಿಲ್ಟರಿನಲ್ಲಿ ಕೂತ ಮಸಿ ಸುಡಲು ಗಾಡಿ ಹೆಚ್ಚಿಗೆ ಡೀಸೆಲ್ ಬಿಟ್ಟು ಹೊಗೆಯನ್ನು 600 ಡಿಗ್ರಿ ಆಸುಪಾಸಿಗೆ ಬಿಸಿ ಮಾಡುತ್ತದೆ. ಆ ಓಟದಲ್ಲಿ ಎರಡೂವರೆ ಕಿಲೋ, ಅಂದರೆ 3 ಲೀಟರ್ ಜಾಸ್ತಿ ಖರ್ಚಾಯಿತು. ಹೋಲಿಕೆಗೆ ಆ ಓಟ ಬರುವುದಿಲ್ಲ ಎಂದು ಹುಡುಗ ವಾದಿಸಿದ, ತೆಗೆದುಹಾಕಿದರು. ಆದರೆ ಗಾಡಿ ಸುಮಾರು 900 ಕಿ.ಮೀ.ಗೆ ಒಮ್ಮೆ ಈ ಕೆಲಸ ಮಾಡುತ್ತದೆ. ಅಷ್ಟು ದೂರಕ್ಕೆ 222 ಲೀಟರ್ ಬೇಕು, ಅದರ ಮೇಲೆ 3 ಲೀಟರ್. ಶೇ. 1.3ರಷ್ಟು. ಒಂದು ಓಟವನ್ನು ಬದಿಗಿಟ್ಟರೂ ಈ ಖರ್ಚನ್ನು ಎಲ್ಲ ಓಟಕ್ಕೂ ಹಂಚಲೇಬೇಕು. ಶೇ. 4 ಇದ್ದದ್ದು ಶೇ. 3ರ ಒಳಗೆ ಬಂತು. ಸಣ್ಣ ಸಣ್ಣ ಟ್ರಿಪ್, ನಿಂತು ನಿಂತು ಓಡುವ ಕೆಲಸವಾದರೆ ಹೊಗೆ ಬಿಸಿಯಾಗುವುದೇ ಇಲ್ಲ, ಮಸಿ ಬೇಗ ತುಂಬುತ್ತದೆ, ಈ ಖರ್ಚು ಇನ್ನೂ ಏರುತ್ತದೆ.

ಈಗ ಆ 700 ಕಿಲೋ. ಪರೀಕ್ಷೆಯಲ್ಲಿ ಎರಡಕ್ಕೂ 10 ಟನ್ ಹಾಕಿದ್ದರು. ಆದರೆ ಒಟ್ಟು ತೂಕ 16.2 ಟನ್ ಮೀರಬಾರದು ಎಂದಿದ್ದರೆ ಹಳೆಯದು 10.2 ಟನ್ ಹೊರಬಹುದು, ಹೊಸದು 9.5 ಮಾತ್ರ. ಮೂಟೆ, ಕಬ್ಬಿಣದಂಥ ಭಾರದ ಮಾಲಿನಲ್ಲಿ ತೂಕವೇ ಮಿತಿ. ಹಾಗೆ ತುಂಬಿದಾಗ ಎರಡರ ಡೀಸೆಲ್ ಖರ್ಚು ಎಷ್ಟಿರುತ್ತದೆ ಎಂದು ಅಂದಾಜು ಮಾಡಿ ಟನ್-ಕಿ.ಮೀ. ಲೆಕ್ಕ ಹಾಕಿದರು. 60ರ ವೇಗದಲ್ಲಿ ಎರಡೂ 100 ಟನ್-ಕಿ.ಮೀ.ಗೆ ಎರಡೂವರೆ ಲೀಟರಿನ ಹತ್ತಿರ. ಸರಿಸಮ! 80ರಲ್ಲಿ ಮಾತ್ರ ಹೊಸದು ಶೇ. 5ರಷ್ಟು ಮುಂದೆ. ಹತ್ತಿ, ಪ್ಲಾಸ್ಟಿಕ್ ಡಬ್ಬದಂಥ ಹಗುರ ಮಾಲಾದರೆ ಜಾಗ ತುಂಬುವುದು ಮೊದಲು, ತೂಕ ಆಮೇಲೆ. ಅಲ್ಲಿ ಈ 700 ಕಿಲೋ ಲೆಕ್ಕಕ್ಕೆ ಬರುವುದಿಲ್ಲ, ಹೊಸದೇ ಗೆಲ್ಲುತ್ತದೆ.

ಆಮೇಲೆ

ಯಜಮಾನರು ಯಾವುದನ್ನೂ ಮಾರಲಿಲ್ಲ. ಕೆಲಸ ಬದಲಾಯಿಸಿದರು. ದೂರದ, ವೇಗದ, ವಾಪಸ್ ಲೋಡ್ ಇರುವ ದಾರಿ ಹೊಸದಕ್ಕೆ. ಹತ್ತಿರದ, ನಿಧಾನದ, ಭಾರದ ಮಾಲು ಹಳೆಯದಕ್ಕೆ. ಹೊಗೆಯ ಲೆಕ್ಕದಲ್ಲಿ ಇದು ಉಲ್ಟಾ. ಜನ ಇರುವ ಕಡೆ ಓಡುವ ಗಾಡಿಯೇ ಜಾಸ್ತಿ ಊದುತ್ತದೆ. ಅದನ್ನು ನಾನು ಹೇಳಿದೆ. ಅವರು ತಲೆಯಾಡಿಸಿದರು, ಆದರೆ ಕೆಲಸದ ಹಂಚಿಕೆ ಬದಲಾಯಿಸಲಿಲ್ಲ.

ಲಾಗ್ ಪುಸ್ತಕಕ್ಕೆ ಎರಡು ಕಾಲಂ ಸೇರಿದವು. ಒಂದು ಲೋಡಿನ ತೂಕ, ಹೋಗುವಾಗಿನದ್ದು ಬರುವಾಗಿನದ್ದು ಬೇರೆ ಬೇರೆ. ಇನ್ನೊಂದು ಎಂಜಿನ್ ಆನ್ ಮಾಡಿ ನಿಂತ ಗಂಟೆಗಳು. ಲಾರಿ ಸುಮ್ನೆ ನಿಂತು ಉರಿದರೂ ಗಂಟೆಗೆ ಎರಡು ಮೂರು ಲೀಟರ್ ಹೋಗುತ್ತದೆ. ಕಿಲೋಮೀಟರ್ ಮಾತ್ರ ಸೊನ್ನೆ. ಹುಡುಗ ಲೋಡಿಂಗ್ ಸರದಿಯಲ್ಲಿ ಎಸಿ ಹಾಕಿಕೊಂಡು ಮಲಗುತ್ತಿದ್ದುದು ಈ ಕಾಲಂನಿಂದಲೇ ಹೊರಬಿತ್ತು.

ಹಳೇ ಲಾರಿಗೆ ಸವೆದ ನೈಲಾನ್ ಟಯರ್ ತೆಗೆದು, ಹಗುರಾಗಿ ಉರುಳುವ ರೇಡಿಯಲ್ ಟಯರ್ ಹಾಕಿದರು. ಮೀಟರಿನಲ್ಲಿ 309 ಇದ್ದ ದಾರಿ 303 ಆಯಿತು. ಹಿರಿಯರ ಪುಸ್ತಕದ ಮೈಲೇಜ್ ಅಷ್ಟು ಬಿದ್ದ ಹಾಗೆ ಕಂಡಿತು, ಅವರು ಟಯರನ್ನು ಬೈದರು. ಮತ್ತೆ ತಕ್ಕಡಿ ತಂದು, 10 ಟನ್ ಹಾಕಿ, 60ರಲ್ಲಿ ಡ್ರೈವರ್ ಬದಲಾಯಿಸಿ ಎರಡು ಓಟ ಮಾಡಿದಾಗ ಅನುಪಾತ ಸರಾಸರಿ 0.98. ಶೇ. 4ರ ಅಂತರದಲ್ಲಿ ಅರ್ಧ ಪಾಲು ಎಂಜಿನ್ನಿನದ್ದೇ ಅಲ್ಲ, ರಬ್ಬರಿನದ್ದು. 80ರ ಓಟ ಮತ್ತೆ ಮಾಡಲಿಲ್ಲ. ಹಳೇ ಲಾರಿ ಈಗ ಆ ದಾರಿಗೆ ಹೋಗುವುದೇ ಇಲ್ಲ.